ಮೂರನೇ ಗೇರು

ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಮೆತ್ತೆ ತೊಡಿಸಿ,
ಕೈಗೊಂದು ಗುಂಡಿ ಕೊಟ್ಟಿದ್ದಾಳೆ ಹುಡುಗಿ.
ಸದ್ದು ಕೇಳಿದರೆ ಒತ್ತಿ, ಮಿಸ್ಟರ್ ಕ್ಲಿಮೆಕ್.
ಕೇಳದಿದ್ದರೆ ಸುಮ್ಮನಿರಿ.

ಅವಳ ಹಾಳೆಯಲ್ಲಿ ಕಾರಣಗಳು ಮೊದಲೇ ಅಚ್ಚಾಗಿವೆ:
ಕಾರ್ಖಾನೆಯೋ, ಬಂದೂಕೋ?
ಎರಡೂ ಅಲ್ಲ ಕಣಮ್ಮ, ಬರಕೋ:
ವುಡ್‌ವರ್ಡ್ ಅವೆನ್ಯೂ, ಡೆಟ್ರಾಯ್ಟ್,
ಅರವತ್ತೊಂಬತ್ತನೇ ಇಸವಿಯ ಬೇಸಿಗೆ.
ಅವಳ ಪೆನ್ನು ಅಲ್ಲೇ ನಿಂತಿತು. ಅದಕ್ಕೆ ಚೌಕವಿಲ್ಲ.

ಹಗಲೆಲ್ಲ ಬಾಗಿಲು ಕೂರಿಸುವ ಕೆಲಸ,
ಗಂಟೆಗೆ ಐವತ್ತೆಂಟು, ಎಡಗಡೆಯವು ಮಾತ್ರ.
ಬಲಗಡೆ ಕೂರಿಸುವವನ ಮುಖ ನೋಡಿದ್ದಿಲ್ಲ,
ಮೊಣಕೈ ಗೊತ್ತಿತ್ತು.
ರಾತ್ರಿಗೆ ನನ್ನ ಪ್ಲಿಮತ್,
ಉಪ್ಪಿನಕಾಯಿ ಹಸಿರು, ಹದಿನೇಳು ಕಂತು ಕಟ್ಟಿದ್ದು, ಹತ್ತೊಂಬತ್ತು ಬಾಕಿ.
ಹಿಂದಿನ ಟೈರುಗಳು ತಿಂಗಳಿಗೊಂದು ಜೊತೆ ಸವೆಯುತ್ತಿದ್ದವು.
ಅಮ್ಮ ಕೇಳಿದರೆ
ರಸ್ತೆ ಸರಿಯಿಲ್ಲ ಅನ್ನುತ್ತಿದ್ದೆ.

ಎದುರಿನ ಕೆಂಪನ್ನು ನೋಡುವವನು ದಡ್ಡ.
ಅಡ್ಡರಸ್ತೆಯ ಹಳದಿ ನೋಡಬೇಕು,
ಅದು ಕೆಂಪಾದ ಮೇಲೆ ಒಂದೇ ಒಂದು ಉಸಿರು,
ಆಮೇಲೆ ಎಡಗಾಲು ಬಿಡು, ಬಲಗಾಲು ತುಳಿ,
ಬಾನೆಟ್ಟು ಹೆಡೆಯೆತ್ತಿ
ದಾರಿಯನ್ನೇ ಮುಚ್ಚಿಬಿಡುತ್ತದೆ.
ನಾಲ್ಕು ಗಂಟಲಿನ ಕಾರ್ಬ್ಯುರೇಟರು ಬಾಯಿ ಕಳೆದು
ಇಡೀ ಬೀದಿಯ ಗಾಳಿ ಗಟಗಟ ಕುಡಿಯುವ ಸದ್ದು,
ಅದನ್ನು ನಿನ್ನ ಮೆತ್ತೆಯೊಳಗೆ ಹಾಕು ಹುಡುಗಿ,
ಈಗಲೇ ಒತ್ತುತ್ತೇನೆ.

ರೋಸ್ಕೋ ಗ್ಯಾಡಿಸ್ ಬರುತ್ತಿದ್ದದ್ದು ಕಪ್ಪು ಬ್ಯೂಯಿಕ್‌ನಲ್ಲಿ.
ಹೆಣ ಹೊರುವ ಕಾರಿನಷ್ಟು ಸಭ್ಯ,
ಪಟ್ಟೆಯಿಲ್ಲ, ಚಿತ್ರವಿಲ್ಲ,
ಸೀಟಿನ ಮೇಲೆ ಮಡಿಸಿಟ್ಟ ಎರಕದ ಮನೆಯ ಕೈಗವಸು.
ಎರಡು ವರ್ಷದ ಹಿಂದಷ್ಟೇ ಊರು ಹೊತ್ತಿ ಉರಿದಿತ್ತು.
ನಮ್ಮ ಬೀದಿಯವರು ಅವನ ಬೀದಿಯವರನ್ನು ಮಾತಾಡಿಸುತ್ತಿರಲಿಲ್ಲ.
ಸಿಗ್ನಲ್ಲಿನ ಬುಡದಲ್ಲಿ ಮಾತ್ರ
ಕಿಟಕಿ ಇಳಿಸಿ ಗದ್ದ ಎತ್ತಿದರೆ
ಅದು ಮಾತು.

ಆಗಸ್ಟಿನ ಕೊನೆ. ಗಂಟೆ ಹನ್ನೊಂದೂವರೆ.
ಅವನು ಗದ್ದ ಎತ್ತಿದ, ನಾನೂ ಎತ್ತಿದೆ.
ಒಂದು. ಎರಡು.
ಎರಡರಲ್ಲಿ ಅರ್ಧ ಕಾರಿನಷ್ಟು ನಾನು ಮುಂದೆ,
ಇದು ನಿಜ, ಬೇಕಾದರೆ ಯಾರನ್ನಾದರೂ ಕೇಳು,
ಯಾರೂ ಉಳಿದಿಲ್ಲ.
ಮೂರನೆಯದು ಬಿತ್ತು, ಬೆಣ್ಣೆಗೆ ಚಾಕು ಇಳಿದಂತೆ.
ಆಗ ದೀಪದ ಬೆಳಕಿಗೆ ಅಡ್ಡ ಬಂತು ಒಂದು ಬೆಳ್ಳನೆಯದು,
ಹಳೇ ಪೇಪರಿನ ಹಾಳೆ.
ಮಗುವೆಂದುಕೊಂಡೆ.
ಇಲ್ಲ, ಅದೂ ಸುಳ್ಳು.
ಏನೂ ಅಂದುಕೊಳ್ಳಲಿಲ್ಲ.
ಕಾಲು ತಾನಾಗಿ ಎದ್ದಿತು, ಅಷ್ಟೇ.
ಬ್ಯೂಯಿಕ್‌ನ ಕೆಂಪು ಹಿಂದೀಪ
ಎರಡು ಚುಕ್ಕಿಯಾಗಿ, ಒಂದಾಗಿ.

ಹ್ಯಾಂಬರ್ಗರ್ ಅಂಗಡಿಯ ಮುಂದೆ ನಮ್ಮವರೆಲ್ಲ ಸುತ್ತುಗಟ್ಟಿದ್ದರು,
ಹುರಿದ ಈರುಳ್ಳಿ, ಸುಟ್ಟ ರಬ್ಬರು,
ಏನಾಯ್ತೋ ಟ್ಯಾಡ್, ಏನಾಯ್ತೋ.
ಬಾಯಿ ಒಣಗಿ ನಿಂತಿದ್ದೆ.
ರೋಸ್ಕೋ ಇಳಿದು ಬಂದ. ಅಲ್ಲಿ ಅವನು ಇಳಿದದ್ದು ಅದೊಂದೇ ಸಲ.
ನನ್ನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು,
ಜ್ವರ ನೋಡುವವನ ಹಾಗೆ,
ಎಲ್ಲರಿಗೂ ಕೇಳುವಂತೆ ಹೇಳಿದ:
ನಿನ್ನ ಮೂರನೇ ಗೇರು ಕಚ್ಚಿಕೊಳ್ತಾ ಇದೆ ತಮ್ಮಾ, ನೋಡಿಸು.
ಅವನು ಪಕ್ಕದಲ್ಲೇ ಇದ್ದವನು. ಕಿವಿಯಿದ್ದವನು.
ಕಾಲೆತ್ತಿದ ಸದ್ದಿಗೂ ಗೇರು ಕಚ್ಚಿದ ಸದ್ದಿಗೂ
ವ್ಯತ್ಯಾಸ ತಿಳಿಯದವನೇ?

ಐವತ್ತು ವರ್ಷ ಆ ಗೇರನ್ನು ಬೈದೆ,
ಮದುವೆ ಮನೆಗಳಲ್ಲಿ, ಯೂನಿಯನ್ ಹಾಲಿನಲ್ಲಿ,
ಹೆಂಡತಿಗೆ, ಅವಳು ಹೋದ ಮೇಲೆ ಅವಳ ತಂಗಿಗೆ.
ಕಾರು ಮಾರುವಾಗ ಕೊಳ್ಳುವವನಿಗೂ ಹೇಳಿ
ನಲವತ್ತು ಡಾಲರು ಬಿಟ್ಟುಕೊಟ್ಟೆ.
ಆ ಗೇರಿನಷ್ಟು ನಿಯತ್ತಿನದು
ನನ್ನ ಬಾಳಿನಲ್ಲಿ ಬೇರೊಂದಿರಲಿಲ್ಲ.

ಗೂಡಿನ ಬಾಗಿಲು ತೆರೆಯಿತು.
ಹುಡುಗಿ ಗೆರೆ ತೋರಿಸುತ್ತಾಳೆ:
ಇಲ್ಲಿ ನೋಡಿ, ನಾಲ್ಕು ಸಾವಿರದ ಹತ್ತಿರ ಹಳ್ಳ ಬಿದ್ದಿದೆ.
ಮತ್ತೆ, ಎನ್ನುತ್ತಾಳೆ ಹುಬ್ಬು ಗಂಟಿಕ್ಕಿ,
ಸದ್ದೇ ಇಲ್ಲದಾಗ ಮೂರು ಸಲ ಒತ್ತಿದ್ದೀರಿ.

ಗುಂಡಿ ಅವಳ ಕೈಗಿಟ್ಟೆ.
ಕಚ್ಚಿಕೊಳ್ತಾ ಇದೆ ಕಣಮ್ಮ, ಅಂದೆ,
ನೋಡಿಸು.