ಲಿಂಬೆಯ ಸಾಕ್ಷಿ

ನೀಲಿ ಡ್ರಮ್ಮನ್ನು ಅಡ್ಡ ಸೀಳಿದವನು ತಮ್ಮ ಬಂಡೆಪ್ಪ,
ಕಲ್ಲು ಕೊಯ್ಯುವ ಕೈ, ಕೂದಲೆಳೆಯಷ್ಟೂ ಸೊಟ್ಟಾಗಲಿಲ್ಲ.
ಕೆಳಗಿನ ತೊಟ್ಟಿಯಲ್ಲಿ ಮೀನು,
ಮೇಲಿನ ಅರ್ಧದಲ್ಲಿ ಕಲ್ಲುಚೂರು, ಚೂರಿನ ಸಂದಿಗೆ ಬೇರು,
ನಡುವೆ ನೀರೆತ್ತಲು
ಕೂಲರಿನ ಹೊಟ್ಟೆಯಿಂದ ಬಿಚ್ಚಿದ ಪಂಪು.
"ಬ್ಯಾಸಗ್ಯಾಗ ನನಗೇನು ಗತಿ, ಅಕ್ಕಾ?"
"ಮೀನಿನ ಬಾಜೂಕ ಕೂಡು," ಅಂದೆ.

ಶಹಾಬಾದದಲ್ಲಿ ಕಲ್ಲುಚೂರಿಗೆ ಯಾರೂ ರೊಕ್ಕ ಕೊಡುವುದಿಲ್ಲ.
ನೆಲ ಅದೇ, ಮಾಳಿಗೆ ಅದೇ, ಒಲೆಯ ಕಟ್ಟೆ ಅದೇ,
ಬಚ್ಚಲಿಗೆ ಮರೆ ನಿಲ್ಲಿಸಿದ್ದೂ ಅದೇ,
ಅವ್ವನ ಗೋರಿಯ ಮೇಲೂ, ಹೆಸರು ಕೆತ್ತಿಸದೆ, ಅದೇ.
ನಲವತ್ತು ವರ್ಷ ಅದನ್ನೇ
ಮುಖ ಕಾಣುವಂತೆ ಉಜ್ಜಿ ಉಜ್ಜಿ
ಬಂಡೆಪ್ಪನ ಕಿವಿ ಮುಕ್ಕಾಲು ಹೋಗಿದೆ.
ಮೂರು ಬುಟ್ಟಿ ಚೂರು ತಾನೇ ತೊಳೆದು ತುಂಬಿದ.

ಮಶಾಕ್ ತಂದುಕೊಟ್ಟ ಮೀನು ಹದಿನೆಂಟು,
ಹೆಬ್ಬೆರಳಿನುದ್ದ. ಹೆಸರು ಕೇಳಿದರೆ, ಜಿಲೇಬಿ.
"ಅಕ್ಕಾ, ನೀವಂತೂ ತಿನ್ನಾಂಗಿಲ್ಲ."
"ಹೇಲಲಿ ಸಾಕು," ಅಂದೆ. ಅವನಿಗೆ ನಗು ತಡೆಯಲಾಗಲಿಲ್ಲ.
ಆದರೆ ಮಾತು ನಿಜ. ಅವು ಹೊಲಸು ಮಾಡಬೇಕು,
ಕಣ್ಣಿಗೆ ಕಾಣದ ಜೀವ ಕಲ್ಲಿಗಂಟಿ ಅದನ್ನುಂಡು
ಬೇರಿಗೆ ಉಣಿಸಬೇಕು,
ಬೇರು ಸೋಸಿದ ನೀರು ಮತ್ತೆ ಮೀನಿಗಿಳಿಯಬೇಕು.
ಇದಕ್ಕೆ ಐದಾರು ವಾರ.
ಅಲ್ಲಿತನಕ ಚಿಟಿಕೆ ಕಾಳು, ದಿನಾ ಒಂದು ಕೊಡ ಹೊಸ ನೀರು,
ಬಾಕಿಯೆಲ್ಲ ಸುಮ್ಮನಿರುವ ಕೆಲಸ.

ಪುಂಡಿ ಮೊಳೆಯಿತು. ಮೆಂತ್ಯ ಮೊಳೆಯಿತು.
ಆರನೇ ವಾರ ಹೊಸ ಎಲೆಯೆಲ್ಲ ಹಳದಿ,
ನರ ಮಾತ್ರ ಹಸಿರು, ಮುದುಕಿಯ ಮುಂಗೈಯಂತೆ.
ಕಾಳು ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ,
ಬಿಸಿಲಿಗೆ ಹಳೆ ಧೋತರ ಕಟ್ಟಿದೆ,
ಮಶಾಕನ ಅವ್ವ ಬೀಬನಮ್ಮ ಬಂದು ದೃಷ್ಟಿ ತೆಗೆದಳು.

ಹೈಸ್ಕೂಲಿನ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷ ಗಾಜಿನ ನಳಿಗೆ ತೊಳೆದವಳು ನಾನು.
ವರ್ಷವರ್ಷವೂ ಮಕ್ಕಳು
ಇದೇ ಕಲ್ಲಿನ ಮೇಲೆ ಆಸಿಡ್ ಹನಿಸಿ,
ನೊರೆ ಎದ್ದರೆ ಚಪ್ಪಾಳೆ ಹೊಡೆಯುವುದನ್ನು ಕಂಡವಳು.
ಆದರೂ ಹೊಳೆದದ್ದು ರೊಟ್ಟಿಯ ತಾಟಿನ ಮುಂದೆ,
ಅರ್ಧ ಲಿಂಬೆ ಕೈ ಜಾರಿ ನೆಲಕ್ಕೆ ಬಿದ್ದಾಗ.
ಬಿದ್ದಲ್ಲಿ ಸುಸ್ಸೆಂದಿತು ನೆಲ.
ಸಣ್ಣ ನೊರೆ.

ಬಂಡೆಪ್ಪನನ್ನು ಕರೆದು ತೋರಿಸಿದೆ.
ಬಾಗಿ ನೋಡಿದ, ಬೆರಳಿನಿಂದ ಒರೆಸಿದ.
ಹೊಳಪು ಹೋಗಿ ಬಿಳಿ ಕಲೆ.
"ನಮ್ಮೂರ ಕಲ್ಲಿನಾಗೇ ಸುಣ್ಣ ಅದ," ಕಿವಿಯ ಹತ್ತಿರ ಕೂಗಿದೆ,
"ನೀರಿಗೆ ಕರಗಿ ಬೇರಿನ ಬಾಯಿ ಕಟ್ಯಾದ.
ಕಬ್ಬಿಣ ಎದುರಿಗಿದ್ರೂ ಉಣ್ಣಾಕ ಬರಾಂಗಿಲ್ಲ ಅದಕ್ಕ."
ಏನೂ ಅನ್ನಲಿಲ್ಲ. ಆ ರಾತ್ರಿ ಊಟಕ್ಕೂ ಏಳಲಿಲ್ಲ.
ಯಾರೋ ಅವನ ಮಗನನ್ನು ಫೇಲು ಮಾಡಿದಂತೆ.

ಮರುದಿನ ಮಶಾಕನ ಲಾರಿ ಏರಿ ಹೋದ.
ಬೀದರಿನ ಕಡೆಯಿಂದ ಎರಡು ಚೀಲ
ಕೆಂಪು ಜಂಬಿಟ್ಟಿಗೆ ಹೊತ್ತು ತಂದ.
ಮೊದಲು ಲಿಂಬೆ ಹಿಂಡಿದ್ದು ಅವನೇ.
ಕಲ್ಲು ಸುಮ್ಮನಿತ್ತು.

ಮೇ ತಿಂಗಳು, ರಾತ್ರಿ ಎರಡು. ಕರೆಂಟು ಹೋಯಿತು.
ನಾನು ಗೊರಕೆಯಲ್ಲಿದ್ದೆ, ಎದ್ದವನು ಅವನು.
ನೀರಿನ ಸದ್ದು ಅವನಿಗೆ ಕೇಳುವುದಿಲ್ಲ,
ಪೈಪಿನ ಮೇಲೆ ಅಂಗೈ ಇಟ್ಟೇ ಮಲಗುತ್ತಾನಂತೆ,
ನಡುಕ ನಿಂತರೆ ಎಚ್ಚರ.
ಮಾಳಿಗೆ ಹತ್ತಿದಾಗ ಕಂಡೆ:
ಚೊಂಬಿನಿಂದ ಮೊಗೆದು, ತಲೆಯೆತ್ತರದಿಂದ ಸುರಿದು,
ಮೊಗೆದು, ಸುರಿದು,
ಮೀನಿಗೆ ಉಸಿರು ಬೆರೆಸುತ್ತಿದ್ದಾನೆ.
ಬೆಳಗಿನ ತನಕ ಪಾಳಿ ಹಚ್ಚಿದೆವು.
ಆದರೂ ಎರಡು ಸತ್ತವು.

ತೆಗೆದ ಹಳೆಯ ಚೂರು ಮೂಲೆಯಲ್ಲೇ ಇವೆ, ಚೆಲ್ಲಲು ಬಿಡಲೊಲ್ಲ.
ಒಂದು ಫರ್ಸಿ ಮಾತ್ರ ಉಜ್ಜಿ ತಂದು
ಬಿಸಿಲು ತಡೆಯಲು ತೊಟ್ಟಿಗೆ ಅರ್ಧ ಮುಚ್ಚಿದ,
ನೀರು ತಾಗದಷ್ಟು ಎತ್ತರಕ್ಕೆ,
ಹೊಳಪಿನ ಮುಖ ಕೆಳಗೆ ಮಾಡಿ.
"ತಿರುವಿ ಹಾಕೀಯಲ್ಲೋ?"
"ಮೀನ ನೋಡ್ಕೊಳ್ಳಿ," ಅಂದ.

ಪುಂಡಿಯ ತುದಿಯಲ್ಲೊಂದು ಎಲೆ ಹಸಿರಾಗಿದೆ.
ಹಿಸುಕಿ ನಾಲಿಗೆಗಿಟ್ಟೆ. ಹುಳಿ ಇನ್ನೂ ಸಾಲದು.