ಇಪ್ಪತ್ತೇಳನೇ ಕುರಿಯ ಕರಡು

ದೂರು ಬಂದದ್ದು ಇಷ್ಟೇ: "ಇಪ್ಪತ್ತೇಳನೇ ಕುರಿ ಮುಚ್ಚುತ್ತಿಲ್ಲ."
ತ್ಬಿಲಿಸಿಯ ಆಫೀಸಿನಲ್ಲಿ ಎಲ್ಲರೂ ನಕ್ಕರು.
ನಾನೂ ನಕ್ಕೆ. ಆ ಆ್ಯಪು ಬರೆದವಳು ನಾನೇ.

ಅಬಾನೋ ಘಾಟಿ ಜೂನಿನವರೆಗೆ ಜೀಪಿಗೆ ತೆರೆಯುವುದಿಲ್ಲ.
ಕುರಿಗಳು ಅದಕ್ಕೆಲ್ಲ ಕಾಯುವುದಿಲ್ಲ, ಆಗಲೇ ಮೇಲೇರಿದ್ದವು.
ಒಂದೊಂದು ತಿರುವಿಗೂ ಚಾಲಕ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ,
ನಾನು ನೆಟ್‌ವರ್ಕಿನ ಗೀಟುಗಳು ಒಂದೊಂದೇ ಆರುವುದನ್ನು ನೋಡುತ್ತಿದ್ದೆ.

ತುಶೇತಿಯಲ್ಲಿ ಮೋಡವುಂಟು,
ನಾವು ಆಫೀಸಿನಲ್ಲಿ ಮೋಡ ಅನ್ನುತ್ತೇವಲ್ಲ, ಅದಿಲ್ಲ.
ಅದಕ್ಕೇ ಎಲ್ಲವನ್ನೂ ಫೋನೇ ಹೊಟ್ಟೆಗೆ ಹಾಕಿಕೊಳ್ಳಲಿ ಎಂದು ಬರೆದಿದ್ದೆ:
ಕಿವಿಬಿಲ್ಲೆಯ ಸಂಖ್ಯೆ, ಈದ ದಿನ, ಹಾಲು, ಹುಣ್ಣು, ಹಚ್ಚಿದ ಔಷಧ.
ಒಂದೊಂದಕ್ಕೂ ಒಂದು ಕೀಲಿ, ಕೀಲಿಯ ಹಿಂದೆ ಒಂದು ಬೆಲೆ.
ಬೆರಳು ಅಕ್ಷರ ಮುಟ್ಟಿದೊಡನೆ ಕರಡು ತಾನಾಗಿ ಉಳಿಯಬೇಕು.
ಆಲಿಕಲ್ಲು ಬೀಳಬಹುದು, ತೋಳ ಬರಬಹುದು, ಬ್ಯಾಟರಿ ಸಾಯಬಹುದು.

ದರೇಜಾನ್ ಹಟ್ಟಿಯ ಬಾಗಿಲಲ್ಲಿ ಕೂತು ಚೀಸಿಗೆ ಉಪ್ಪು ತಿಕ್ಕುತ್ತಿದ್ದಳು.
ಕುರಿಯ ಹಾಲು, ಕುರಿಯದೇ ಚರ್ಮದ ಚೀಲ.
"ಎರಡು ತಿಂಗಳು ಒಳಗೇ ಇರಬೇಕು," ಎಂದಳು, "ಆಗಾಗ ಮಗುಚಬೇಕು."
ಲಂಗಕ್ಕೆ ಕೈ ಒರೆಸಿ ಫೋನು ಕೊಟ್ಟಳು.
ಒಡೆದ ಗಾಜಿನ ಮೂಲೆಗೆ ಬ್ಯಾಂಡೇಜು ಪಟ್ಟಿ ಅಂಟಿಸಿತ್ತು.

ಇಪ್ಪತ್ತೇಳು ಒತ್ತಿದೆ.
ಟಿಪ್ಪಣಿಯ ಚೌಕದಲ್ಲಿ:
ಹಿಂಗಾಲು ಕುಂಟುತ್ತಿದೆ. ಗೊರಸಿನ ಸಂದಿ ನೋಡಿದೆ. ನಾಳೆ

ಅಷ್ಟೇ.
ನಾಳೆಯ ಮುಂದೆ ಗೀಟೊಂದು ಮಿಣುಕುತ್ತಿತ್ತು.

"ತಮ್ಮನದು," ಎಂದಳು. "ಬಿಡ್ಜಿನಾ. ಸೆಪ್ಟೆಂಬರಿನಲ್ಲಿ, ಹೊಳೆ ದಾಟುವಾಗ."
ಮತ್ತೆ ಉಪ್ಪಿಗೆ ಕೈಹಾಕಿದಳು.
ಬರೆಯುವವನೇ ಸಾಯಬಹುದೆಂದು ನಾನು ಬರೆದಿರಲಿಲ್ಲ.

"ಅಳಿಸಿಬಿಡಲೇ?" ಅಂದೆ.
ಅವಳು ನೋಡಿದ ನೋಟಕ್ಕೆ ನನ್ನ ಬಳಿ ಕೀಲಿಯಿಲ್ಲ.

"ಉಳಿಸು ಅಂತ ಒತ್ತಿದರೆ ಮಾತು ಮುಗಿದಂತೆ.
ಬೇಡ ಅಂತ ಒತ್ತಿದರೆ ಹೋಯಿತು.
ನಾನು ಹಾಗೇ ಬಿಟ್ಟಿರುತ್ತೇನೆ, ನಿಮ್ಮದು ಬಿಡುವುದಿಲ್ಲ,
ಮುಚ್ಚಲು ಹೋದಾಗಲೆಲ್ಲ ಕೇಳುತ್ತದೆ: ಉಳಿಸಲೇ, ಬೇಡವೇ?"

ಆ ಪ್ರಶ್ನೆಯೂ ನನ್ನದೇ.
ಬ್ಯಾಗಿನ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ ತಂದಿದ್ದೆ.
ಅದರಲ್ಲಿ ಹೆಮ್ಮೆಯಿಂದ ಬರೆದ ಸಾಲೊಂದಿತ್ತು:
ಮೂವತ್ತು ದಿನ ದಾಟಿದ ಕರಡುಗಳನ್ನು ಕೇಳದೆ ಗುಡಿಸಿಹಾಕು.

ರಾತ್ರಿ ಸೋಲಾರ್ ದೀಪದ ಕೆಳಗೆ ಆ ಸಾಲು ತೆಗೆದೆ.
ನಾಳೆಗೆ ನಮ್ಮ ನುಡಿಯಲ್ಲಿ ನಾಲ್ಕಕ್ಷರ,
ಅಕ್ಷರಕ್ಕೆ ಮೂರು ಬೈಟು,
ಹನ್ನೆರಡು ಬೈಟಿಗೆ ಯಾವ ಫೋನೂ ತುಂಬಿಹೋಗುವುದಿಲ್ಲ.
ಪ್ರಶ್ನೆಯನ್ನೂ ತೆಗೆದೆ.
ಈಗ ಮುಚ್ಚಿದರೆ ಸುಮ್ಮನೆ ಮುಚ್ಚುತ್ತದೆ,
ತೆರೆದರೆ ಇಟ್ಟದ್ದನ್ನು ಇಟ್ಟ ಹಾಗೇ ತೋರಿಸುತ್ತದೆ.

ಬೆಳಿಗ್ಗೆ ಹಿಂಡು ಹೊರಟಿತು. ನಾಯಿಗಳು ನನ್ನನ್ನು ಮೂಸಿ ಬಿಟ್ಟವು.
"ಇಗೋ, ಇವಳೇ," ಎಂದಳು ದರೇಜಾನ್.
ಹಳದಿ ಬಿಲ್ಲೆ, ಹಿಂದೆ ಎರಡು ಮರಿ.
ನಾನು ಹಿಂಗಾಲನ್ನೇ ನೋಡಿದೆ.
ಕುಂಟುತ್ತಿರಲಿಲ್ಲ.
ಯಾರು, ಯಾವತ್ತು ವಾಸಿಮಾಡಿದರೋ
ಎಲ್ಲೂ ದಾಖಲಾಗಿಲ್ಲ.