ಮುಂದಿನ ವಾರದ ಹ್ಯಾಂಡ್‌ಬಿಲ್ಲು

ಶನಿವಾರದ ಕುಸ್ತಿ ಯಾರು ಗೆಲ್ತಾರಂತ
ಮಂಗಳವಾರನ ನನಗ ಗೊತ್ತಿರತಿತ್ತು.
ಜ್ಯೋತಿಷ್ಯ ಅಲ್ಲ. ಗದಗಿನ ಪ್ರೆಸ್ಸಿನಾಗ
ಮೊಳೆ ಜೋಡಿಸಾಂವ ನಾ.
ಮುಂದಿನ ವಾರದ ಹ್ಯಾಂಡ್‌ಬಿಲ್ಲು
ಈ ವಾರದ ಕುಸ್ತಿಗಿಂತ ಮೊದಲ ಹುಟ್ಟತಿತ್ತು.

ಕಂಪನಿ ಹಜರತಸಾಬ ನದಾಫನದು.
ಗಾದಿ ಹೊಲಿಯೋ ಮನಿತನ.
ಹತ್ತಿ ಹಿಂಜೋ ಬಿಲ್ಲು ಜಂತಿಗೆ ತೂಗಹಾಕಿ
'ನೆಲ ಮೆತ್ತಗಿದ್ರ ಬೀಳಾವ್ರು ಸಿಗತಾರ' ಅಂದ.
ಮೀಟರ್‌ಗೇಜ್ ಕಿತ್ತ ವರ್ಷ
ಲಿಲಾವಿನ್ಯಾಗ ಹಿಡದ ಸ್ಲೀಪರು ನಾಕು ಮೂಲಿಗೆ ಕಂಬ,
ಜಿನ್ನಿಂಗ್ ಮಿಲ್ಲಿನ ಹಗ್ಗಕ್ಕ ಸೈಕಲ್ ಟ್ಯೂಬು,
ಒಳಗ ಜಯಧರ ಹತ್ತಿ.
ಒಬ್ಬಾಂವ ಬಿದ್ರ ಮುಂದಿನ ಸಾಲೆಲ್ಲ ಸೀನತಿತ್ತು.

ಗರಡಿ ಹಿರ್ಯಾ ಫಕೀರಪ್ಪ ಉಗುಳಿದ:
'ಹಗ್ಗದೊಳಗ ಇರೋದು ದನ, ಪೈಲ್ವಾನ ಅಲ್ಲ.
ಮಣ್ಣು ಮುಟ್ಟದಾಂವ ಏನು ಚಿತ್ ಆಗತಾನ?'
ಅವನ ಮೊಮ್ಮಗ ಅವತ್ತ ಸಂಜಿಗೆ
ಐದು ರೂಪಾಯಿ ಸಾಲಿನ್ಯಾಗ ಕುಂತಿದ್ದ.

ಬೆಟಗೇರಿ ವಿಠ್ಠಲಸಾ ಬಾಕಳೆ, ಮಗ್ಗ ತುಳಿದ ಕಾಲು.
ಅವಗ ನಾ ಕೊಟ್ಟ ಹೆಸರು 'ಸಿಡಿಲು'.
ಮುಸುಕಿನಾಂವ 'ಕರಿ ಚೇಳು',
ಊರು ಗೊತ್ತಿಲ್ಲ, ಮಾರಿ ಕಂಡವರಿಲ್ಲ
ಅಂತ ಅಚ್ಚು ಹಾಕಿದಾಂವನೂ ನಾನ.
ಅಂವ ಲಕ್ಕುಂಡಿ ಶಿವಪುತ್ರ, ಎಪಿಎಂಸಿ ಹಮಾಲ.
ಚಾದಂಗಡ್ಯಾಗ ಬಾಜೂಕ ಕುಂತು ಕೇಳತಿದ್ದ:
'ಓದಪಾ, ಈ ಸಲ ಎಷ್ಟನೇ ನಿಮಿಷಕ್ಕ ಸೋಲ್ತೇನಿ?'
ಒಮ್ಮೆ ಳ ಸವದು 'ಕರಿ ಚೇಲು' ಆಗಿ
ವರ್ಷಗಟ್ಟಲೆ ಹುಡುಗರು ಕಾಡಿದ್ರು.

ರೋಣ, ನರಗುಂದ, ಮುಂಡರಗಿ.
ಹುಬ್ಬಳ್ಳ್ಯಾಗ ಮಳಿ ಬಂದು
ಟೆಂಪೋ ಬಾಡಗಿನೂ ಹುಟ್ಟಲಿಲ್ಲ.
ಅಣ್ಣಿಗೇರ್ಯಾಗ ಒಬ್ಬಾಕಿ ಮುದುಕಿ
ಹಗ್ಗದೊಳಗ ನುಸುಳಿ ಛತ್ರೀಲೆ
ಚೇಳಿನ ಬೆನ್ನಿಗೆ ಬಾರಿಸಿದಳು.
ಕಂಪನಿ ಹುಟ್ಟಿದ ಮ್ಯಾಲ ಅದ ಮೊದಲನೇ ಖರೇ ಏಟು.

ಏಳನೇ ವರ್ಷ, ಒಂದು ಶನಿವಾರ.
ಒಂಬತ್ತನೇ ನಿಮಿಷಕ್ಕ ಬೀಳಬೇಕಾದ ಶಿವಪುತ್ರ
ಬೀಳಲಿಲ್ಲ.
'ಬೀಳೋ' ಅಂದ ಬಾಕಳೆ, ಹಲ್ಲಿನ ಸಂದ್ಯಾಗ.
ಇಲ್ಲ.
ಯಾಕಂತ ಆಮ್ಯಾಲ ಎಷ್ಟು ಸಲ ಕೇಳಿದೆ,
ಚಾ ಊದತಿದ್ದ, ಹೇಳಲಿಲ್ಲ.

ಆಮ್ಯಾಲಿನ ಇಪ್ಪತ್ತು ನಿಮಿಷ
ಯಾರೂ ಹಾರಲಿಲ್ಲ, ಯಾರೂ ಒದರಲಿಲ್ಲ.
ಹಣಿಗೆ ಹಣಿ ಹಚ್ಚಿ, ಮಣಿಕಟ್ಟು ಹಿಡಿದು
ಎರಡು ಉಸರು ಒಂದನ್ನೊಂದು ತೂಗತಿದ್ವು.
ಜನ ಬೇಸತ್ತರು.
'ಏನ್ ನಾಟಕಾಲೇ ಇದು, ರೊಕ್ಕ ವಾಪಸ್ ಕೊಡ್ರಿ!'
ಶೇಂಗಾ ಸಿಪ್ಪಿ ತೂರಿದ್ರು.
ಗ್ವಾಡಿ ಮ್ಯಾಲಿಂದ ಹಣಿಕಿಕ್ಕಿದ್ದ ಫಕೀರಪ್ಪ ಮಾತ್ರ
ರುಮಾಲು ಬಿಚ್ಚಿ ಕೈಯಾಗ ಹಿಡಕೊಂಡಿದ್ದ.

ಬಾಕಳೆಯ ಎರಡೂ ಹೆಗಲು ಹತ್ತಿ ಮುಟ್ಟಿದಾಗ
ಚಪ್ಪಾಳಿ ಬೀಳಲಿಲ್ಲ, ಅರ್ಧ ಮಂದಿ ಬಾಗಲದಾಗಿದ್ರು.
ಸೋಮವಾರ ಶಿವಪುತ್ರ
ಬ್ಯಾಡಗಿ ಮೆಣಸಿನಕಾಯಿ ಚೀಲ ಹೊತ್ತ.
ಕಂಪನಿ ದೀಪಾವಳಿ ಕಾಣಲಿಲ್ಲ.
ಗಾದಿ ಬಿಚ್ಚಿ, ಮತ್ತ ಹಿಂಜಿ,
ಹಜರತಸಾಬ ಹನ್ನೊಂದು ಮದವಿ ಹಾಸಿಗಿ ಮಾಡಿ ಮಾರಿದ.

ಉಳಿದದ್ದು ಸಾವಿರ ಹ್ಯಾಂಡ್‌ಬಿಲ್ಲು:
'ಕಳೆದ ವಾರ ಚೇಳನ್ನು ಹೊಸಕಿ ಹಾಕಿದ ಸಿಡಿಲು!'
ಭಜಿ ಅಂಗಡಿಗೆ ತೂಕಕ್ಕ ಹಾಕಿದೆ.
ಎಣ್ಣಿ ಜಿಡ್ಡಿನ ಒಂದು ಹಾಳಿ
ಯಾರೋ ಮೊನ್ನೆ ಮಡಚಿ ತಂದು ತೋರಿಸಿದ್ರು:
'ಆ ರಾತ್ರಿ ಗೆದ್ದಾಂವ ಬಾಕಳೆ, ನೋಡ್ರಿ,
ಅಚ್ಚಾಗೇತಿ.'
ಮೊಳೆ ನಂದ.
ಸವದ ಳ ಸುದ್ದಾ ನಂದ.